ಚಿಕ್ಕಪ್ಪನ ಒಂದೇ ಒಂದು ಕ್ರಿಯಾಪದ

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ. ಒಂದೇ ಒಂದು ಶಬ್ದ ಬರುತ್ತದೆ, ಆದರೆ ಅದು ಪೂರ್ತಿ ಬರುತ್ತದೆ! ನಮ್ಮ ನಿಮ್ಮ ಹಾಗೆ ಸಾವಿರ ಶಬ್ದ ಅರ್ಧಂಬರ್ಧ ಬರುವುದಕ್ಕಿಂತ ಇದು ಎಷ್ಟೋ ಮೇಲಲ್ಲವೇ? ಈ ಪ್ರಶ್ನೆ ನನ್ನದಲ್ಲ, ಅವರದೇ.

ಆ ಶಬ್ದ ‘ಥ್ರೋ’. ನಾವೆಲ್ಲ ಅದಕ್ಕೆ ‘ಎಸೆ’ ಎಂದು ಒಂದು ಅರ್ಥ ಕಲಿತು ಮುಂದಕ್ಕೆ ಹೋದೆವು. ಚಿಕ್ಕಪ್ಪ ಮುಂದಕ್ಕೆ ಹೋಗಲಿಲ್ಲ. ಅಲ್ಲೇ ಕುಳಿತರು, ಅಲ್ಲೇ ಮನೆ ಕಟ್ಟಿದರು.

ಅವರು ಗೋಣಿಕೊಪ್ಪಲಿನಿಂದ ಕುಟ್ಟಕ್ಕೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರಾಗಿದ್ದರು. ನಮ್ಮ ಕೊಡಗಿನಲ್ಲಿ ಮಕ್ಕಳು ನಡೆಯಲು ಕಲಿಯುವ ಮೊದಲೇ ಹಾಕಿ ಕೋಲು ಹಿಡಿಯುತ್ತವೆ ಎಂದು ಹೊರಗಿನವರು ತಿಳಿದಿದ್ದಾರೆ. ಅಂಥ ಊರಿನಲ್ಲಿ ಹಾಕಿಯನ್ನು ಬಹಿರಂಗವಾಗಿ ಹಳಿಯುವ ಧೈರ್ಯ ಇದ್ದದ್ದು ಚಿಕ್ಕಪ್ಪನಿಗೊಬ್ಬರಿಗೇ. “ಕೋಲಿನಲ್ಲಿ ಚೆಂಡು ತಳ್ಳಿಕೊಂಡು ಹೋಗುದೂ ಒಂದು ಆಟವಾ? ಅದು ಅಂಗಳ ಗುಡಿಸುವ ಕೆಲಸ. ಗಂಡಸಾದ್ರೂ ಹೆಂಗಸಾದ್ರೂ ಎಸೀಬೇಕು!” ಎನ್ನುತ್ತಿದ್ದರು. ಗುಂಡು, ಚಕ್ರ, ಭರ್ಜಿ, ಥ್ರೋಬಾಲ್ ಚೆಂಡು, ಇವು ಅವರ ಪ್ರಪಂಚ. ಅವರ ಹೆಗಲಿನ ಅಳತೆ ತೆಗೆಯಲು ಪೇಟೆಯ ದರ್ಜಿ ಪಕ್ಕದ ಅಂಗಡಿಯವನನ್ನು ಟೇಪಿನ ಇನ್ನೊಂದು ತುದಿ ಹಿಡಿಯಲು ಕರೆಯುತ್ತಿದ್ದ ಎಂಬುದು ನಮ್ಮ ಮನೆಯ ಐತಿಹ್ಯ.

ಇಷ್ಟರಲ್ಲೇ ನಿಂತಿದ್ದರೆ ಅವರು ಎಲ್ಲ ಪಿ.ಟಿ. ಮಾಸ್ಟರುಗಳಂತೆ ಸೀಟಿ ಊದಿಕೊಂಡು ನಿವೃತ್ತರಾಗುತ್ತಿದ್ದರು. ಆದರೆ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಡಂ ಹೆರಿಗೆ ರಜೆ ಮೇಲೆ ಹೋದರು. ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಸುತ್ತ ನೋಡಿದರು. ಗಣಿತದವರು ನೆಲ ನೋಡಿದರು, ವಿಜ್ಞಾನದವರು ಸೂರು ನೋಡಿದರು. ಚಿಕ್ಕಪ್ಪ ಮಾತ್ರ ಹೆಡ್‌ಮಾಸ್ಟರನ್ನೇ ನೋಡುತ್ತಿದ್ದರು. ಮುಗಿಯಿತು!

ಮೊದಲ ದಿನ ಕೊರಳಲ್ಲಿ ಸೀಟಿ ಹಾಕಿಕೊಂಡೇ ಕ್ಲಾಸಿಗೆ ಬಂದರು. ಮನೆಯಲ್ಲಿ ‘ಚಿಕ್ಕಪ್ಪ’ ಎಂದು ಹೆಗಲೇರಿ ಕುಳಿತಿದ್ದ ನಾನು ‘ನಮಸ್ತೇ ಸರ್’ ಎಂದು ಎದ್ದು ನಿಂತೆ. ಅವರು ಪಠ್ಯಪುಸ್ತಕವನ್ನು ತೆರೆದು, ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ ಮೆಲ್ಲಗೆ ಮುಚ್ಚಿದರು.

“ಮಕ್ಕಳೇ, ಇಂಗ್ಲಿಷ್ ಅಂದ್ರೆ ಹೆದರುವಂಥದ್ದು ಎಂತದೂ ಇಲ್ಲ. ಒಂದು ವರ್ಬ್ ಗಟ್ಟಿಯಾಗಿ ಹಿಡಿದ್ರೆ ಬಾಕಿ ಎಲ್ಲ ಹಿಂದೆಯೇ ಬರ್ತವೆ. ನಾವು ಈಗ ಒಂದು ಹಿಡಿಯುವ.”

ಹಿಡಿದದ್ದು ಯಾವುದು ಎಂದು ಹೇಳಬೇಕೇ? ಥ್ರೋ, ಥ್ರ್ಯೂ, ಥ್ರೋನ್! ವರ್ತಮಾನ, ಭೂತ, ಭವಿಷ್ಯತ್ ಮೂರೂ ಕಾಲಗಳಲ್ಲಿ ನಾವು ಎಸೆದೆವು. ಏಕವಚನದಲ್ಲಿ ಎಸೆದೆವು, ಬಹುವಚನದಲ್ಲಿ ಎಸೆದೆವು. ಆಮೇಲೆ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಬಂತು. “ರಾಮ ಚೆಂಡು ಎಸೆದ ಅಂದ್ರೆ ಆಕ್ಟಿವ್. ಚೆಂಡು ರಾಮನಿಂದ ಎಸೆಯಲ್ಪಟ್ಟಿತು ಅಂದ್ರೆ ಪ್ಯಾಸಿವ್. ಎಂತ ವ್ಯತ್ಯಾಸ? ಪ್ಯಾಸಿವ್‌ನಲ್ಲಿ ಚೆಂಡಿಗೆ ಮರ್ಯಾದೆ ಜಾಸ್ತಿ!” ಇಷ್ಟು ವರ್ಷಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ನಿಜವಾದ ಪಾಂಡಿತ್ಯ ಹೊರಬಿದ್ದದ್ದು ‘ಥ್ರೋ ಟು’ ಮತ್ತು ‘ಥ್ರೋ ಅಟ್’ ಬಂದಾಗ. ಚಿಕ್ಕಪ್ಪ ಒಂದು ಸೀಮೆಸುಣ್ಣದ ತುಂಡನ್ನು ಮುಂದಿನ ಬೆಂಚಿನ ಹುಡುಗಿಗೆ ಮೆತ್ತಗೆ ಎಸೆದರು. ಅವಳು ಹಿಡಿದಳು. “ಇದು ಥ್ರೋ ಟು. ಹಿಡಿಯಲಿ ಅಂತ ಎಸೆಯುದು.” ಇನ್ನೊಂದು ತುಂಡನ್ನು ತೆಗೆದುಕೊಂಡರು. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವನ ಹಣೆಗೆ ಅದು ಟಪ್ಪೆಂದು ಬಡಿಯಿತು. “ಇದು ಥ್ರೋ ಅಟ್. ಬೀಳಲಿ ಅಂತ ಎಸೆಯುದು.” ಇಡೀ ಕ್ಲಾಸಿಗೆ ವಿಭಕ್ತಿ ಪ್ರತ್ಯಯ ಒಮ್ಮೆಗೇ ಅರ್ಥವಾಯಿತು. ಕೊನೆಯ ಬೆಂಚಿನವನಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಅರ್ಥವಾಯಿತು.

ಮೇಡಂ ಮಗುವನ್ನು ತಮ್ಮ ತಾಯಿಯ ಕೈಗೊಪ್ಪಿಸಿ ವಾಪಸು ಬಂದಾಗ ನಮ್ಮ ಅರ್ಧವಾರ್ಷಿಕ ಪರೀಕ್ಷೆಯ ಪೇಪರುಗಳು ಮೇಜಿನ ಮೇಲಿದ್ದವು. ‘ಹಸು’ ಎಂಬ ವಿಷಯದ ಮೇಲೆ ಪ್ರಬಂಧ. ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಒಂದೇ ವಾಕ್ಯ ಬರೆದಿದ್ದೆವು: ‘ದ ಕೌ ಥ್ರೋಸ್ ಮಿಲ್ಕ್.’ ಮೇಡಂ ಕೊಟ್ಟಿಗೆಯಲ್ಲಿ ಏನೋ ಅನಾಹುತವಾದ ಹಾಗೆ ಸ್ಟಾಫ್ ರೂಮಿಗೆ ಓಡಿದರು.

“ಸರ್, ಈ ಹಸುವಿಗೆ ಎಂತ ಆಗಿದೆ?”

ಚಿಕ್ಕಪ್ಪ ಪೇಪರು ನೋಡಿದರು. “ಆರೋಗ್ಯವಾಗಿ ಉಂಟಲ್ಲ ಮೇಡಂ? ಹಾಲು ಕೊಡ್ತಾ ಉಂಟು!”

ಆ ದಿನ ಮೇಡಂ ಒಂದು ಮಾತು ಹೇಳಿದರಂತೆ: “ಸರ್, ಥ್ರೋ ಶಬ್ದಕ್ಕೆ ತುಂಬಾ ಅರ್ಥ ಇದೆ, ಆದರೆ ಹಾಲು ಕೊಡುವುದು ಅದರಲ್ಲಿ ಇಲ್ಲ.” ಅವರು ಹೇಳಿದ್ದು ಬುದ್ಧಿವಾದ. ಚಿಕ್ಕಪ್ಪನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ತುಂಬಾ ಅರ್ಥ ಇದೆಯಾ? ಮುಂದಿನ ವಾರವೇ ಮೈಸೂರಿಗೆ ಹೋಗಿ ತಲೆದಿಂಬಿನಷ್ಟು ದಪ್ಪದ ನಿಘಂಟು ತಂದರು. ‘ಥ್ರೋ’ ಇದ್ದ ಪುಟದ ಹೊರತು ಅದರ ಬೇರೆ ಯಾವ ಪುಟವೂ ಇವತ್ತಿಗೂ ಮಾಸಿಲ್ಲ.

ಅಲ್ಲಿಂದ ಚಿಕ್ಕಮ್ಮನ ಕಷ್ಟಗಳು ಶುರುವಾದವು.

ಚಿಕ್ಕಮ್ಮ ಕೇರಳದ ಗಡಿಯ ಕರಿಕೆ ಕಡೆಯವರು. ಅವರ ಬಾಯಲ್ಲಿ ನಮ್ಮ ಮನೆಮಾತಾದ ಅರೆಭಾಷೆ ಬಿಟ್ಟರೆ ಅಗತ್ಯಕ್ಕೆ ತಕ್ಕಷ್ಟು ಮಲಯಾಳ ಬರುತ್ತದೆ, ಕೋಪ ಬಂದರೆ ತುಳು ಬರುತ್ತದೆ. ಇಂಗ್ಲಿಷಿನ ಗೊಡವೆ ಅವರಿಗಿರಲಿಲ್ಲ. ಗಂಡ ದಿನಕ್ಕೊಂದರಂತೆ ತಂದು ಸುರಿಯುವ ಅರ್ಥಗಳನ್ನು ಅವರು ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಬೆಳಕು ಚೆಲ್ಲುವುದೂ ಥ್ರೋ, ಔತಣ ಏರ್ಪಡಿಸುವುದೂ ಥ್ರೋ, ಕುದುರೆ ಸವಾರನನ್ನು ಕೆಡವುವುದೂ ಥ್ರೋ, ಬೇಕೆಂದೇ ಪಂದ್ಯ ಸೋಲುವುದೂ ಥ್ರೋ, ಕುಂಬಾರ ಚಕ್ರದ ಮೇಲೆ ಮಡಕೆ ಮಾಡುವುದೂ ಥ್ರೋ!

“ಮಡಕೆ ಎಸೆದ್ರೆ ಒಡೆದು ಹೋಗುದಿಲ್ಲೆಯಾ?” ಎಂದು ಚಿಕ್ಕಮ್ಮ.

“ಅದೇ ಇಂಗ್ಲಿಷಿನ ವಿಶೇಷ!” ಎಂದು ಚಿಕ್ಕಪ್ಪ.

ಒಂದು ಸಂಜೆ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಚಿಕ್ಕಪ್ಪ ವೆರಾಂಡದ ಕತ್ತಲಲ್ಲಿ ಕುಳಿತು, “ಓ ಇವಳೇ, ಥ್ರೋ ಸಮ್ ಲೈಟ್!” ಎಂದು ಕೂಗಿದರು. ಒಳಗಿನಿಂದ ಟಾರ್ಚು ಹಾರಿ ಬಂದು ಮೊಣಕಾಲಿನ ಚಿಪ್ಪಿಗೆ ಬಡಿಯಿತು. ಚಿಕ್ಕಪ್ಪನ ಕೂಗಿಗೆ ಪಕ್ಕದ ತೋಟದ ನಾಯಿಗಳೂ ದನಿಗೂಡಿಸಿದವು. ಚಿಕ್ಕಮ್ಮ ಬಾಗಿಲಿಗೆ ಬಂದು ಶಾಂತವಾಗಿ ಕೇಳಿದರು, “ಎಂತಕ್ಕೆ ಬೊಬ್ಬೆ? ಎಸಿ ಅಂತ ನೀವೇ ಹೇಳಿದ್ದಲ್ಲಾ?”

ಗಾಯಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಚಿಕ್ಕಪ್ಪ ನನಗೆ ಹೇಳಿದ್ದು: “ಗೂಡೆ, ಗುರಿ ನೋಡಿದೆಯಾ ಗುರಿ? ಕತ್ತಲಲ್ಲಿ! ಇವಳನ್ನು ನಾನು ಮೊದಲೇ ನೋಡಿದ್ರೆ ಸ್ಟೇಟಿಗೆ ಕಳಿಸ್ತಿದ್ದೆ.” ನಮ್ಮ ಅರೆಭಾಷೆಯಲ್ಲಿ ಗೂಡೆ ಎಂದರೆ ಹುಡುಗಿ. ನನ್ನ ತಲೆಯಲ್ಲಿ ಬಿಳಿಕೂದಲು ಬಂದ ಮೇಲೂ ಅವರಿಗೆ ನಾನು ಗೂಡೆಯೇ.

ಗ್ರಾಮಸಭೆಯ ಕತೆಯನ್ನಂತೂ ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರಸ್ತೆಯ ವಿಷಯಕ್ಕೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ ಕುಳಿತಿದ್ದರು. ಚಿಕ್ಕಪ್ಪ ಎದ್ದು ನಿಂತರು. ಮಾತಾಡುವಾಗ ಬಲಗೈಯನ್ನು ಕತ್ತಿನ ಹತ್ತಿರ ಮಡಚಿ, ಎಡಗೈ ಮುಂದಕ್ಕೆ ಚಾಚುವುದು ಅವರ ಅಭ್ಯಾಸ. ಗುಂಡು ಎಸೆದೆಸೆದು ಮೈಗೆ ಹತ್ತಿದ ಭಂಗಿ ಅದು. ಆ ಭಂಗಿಯಲ್ಲೇ ಗುಡುಗಿದರು, “ಸರ್! ಐ ಆಮ್ ಥ್ರೋಯಿಂಗ್...” ‘ಎ ಕ್ವೆಶ್ಚನ್’ ಎಂಬುದು ಬಾಯಿಂದ ಹೊರಡುವಷ್ಟರಲ್ಲಿ ಅಧಿಕಾರಿ ಮೇಜಿನ ಕೆಳಗಿದ್ದರು! ಪ್ರಶ್ನೆಯನ್ನು ಅಲ್ಲಿಂದಲೇ ಕೇಳಿಸಿಕೊಂಡರು. ಉತ್ತರವನ್ನೂ ಅಲ್ಲಿಂದಲೇ ಕೊಟ್ಟರು. ಹೆದರಿಕೆಯಲ್ಲಿ ಕೊಟ್ಟ ಮಾತಾದ್ದರಿಂದಲೋ ಏನೋ, ಆ ರಸ್ತೆ ನಿಜವಾಗಿಯೂ ಆಯಿತು.

ನಿವೃತ್ತಿಯಾದ ಮೇಲೆ ಕುಟ್ಟದ ಹತ್ತಿರದ ತಮ್ಮ ಸಣ್ಣ ಕಾಫಿ ತೋಟದಲ್ಲಿ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಶುರುಮಾಡಿದರು. ಅಡುಗೆ ಚಿಕ್ಕಮ್ಮನದು, ಆತಿಥ್ಯದ ಇಂಗ್ಲಿಷ್ ಚಿಕ್ಕಪ್ಪನದು. ಒಮ್ಮೆ ಇಂಗ್ಲೆಂಡಿನಿಂದ ವಯಸ್ಸಾದ ದಂಪತಿ ಬಂದರು. ಚಿಕ್ಕಪ್ಪನ ಸಂಭ್ರಮ ನೋಡಬೇಕಿತ್ತು! ಶಬ್ದದ ತವರಿನಿಂದಲೇ ನೆಂಟರು ಬಂದ ಹಾಗಿತ್ತು.

ಆ ದಿನ ನಾನೂ ಅಲ್ಲಿದ್ದೆ. ಅವರು ಕಾಫಿ ಕುಡಿಯುತ್ತಿದ್ದಾಗ ಚಿಕ್ಕಪ್ಪ ಎದುರು ನಿಂತು ಮರುದಿನದ ಕಾರ್ಯಕ್ರಮ ವಿವರಿಸಿದರು: “ಟುಮಾರೋ ಮಾರ್ನಿಂಗ್, ಐ ಥ್ರೋ ಯೂ ಔಟ್. ಜೀಪ್. ಫಾರೆಸ್ಟ್. ಟೈಗರ್!” ಬೆಳಿಗ್ಗೆ ಜೀಪಿನಲ್ಲಿ ಕಾಡು ಸುತ್ತಿಸಲು ಕರೆದೊಯ್ಯುತ್ತೇನೆ ಎಂದು ಅದರ ಅರ್ಥ. ಆ ಪುಣ್ಯಾತ್ಮರಿಗೆ ಅರ್ಥವಾದದ್ದು ಹೊರಗೆ ಹಾಕಿ ಹುಲಿಗೆ ಕೊಡುತ್ತಾರೆ ಎಂದು! ಗಂಡ ಹೆಂಡತಿಯ ಕೈ ಹಿಡಿದುಕೊಂಡರು. ನಾನು ಮಧ್ಯೆ ಬಾಯಿ ಹಾಕಿ ಸಮಾಧಾನ ಮಾಡಬೇಕಾಯಿತು.

ಕತ್ತಲಾಗುತ್ತಿದ್ದಂತೆ ಚಳಿ ಏರಿತು. ಆ ಹೆಂಗಸು ಭುಜ ಉಜ್ಜಿಕೊಳ್ಳುತ್ತಾ ಬಂದು ತುಂಬಾ ನಯವಾಗಿ ಕೇಳಿದರು, ನಿಮ್ಮಲ್ಲಿ ಒಂದು ಥ್ರೋ ಇದೆಯಾ?

ಚಿಕ್ಕಪ್ಪನ ಮುಖ ಅರಳಿತು. ಇದೆಯಾ ಎಂದರೆ ಏನು ಪ್ರಶ್ನೆ! ಮಂಚದ ಕೆಳಗಿನಿಂದ ತಮ್ಮ ಹಳೆಯ ಕಬ್ಬಿಣದ ಗುಂಡನ್ನು ತೆಗೆದು, ತೆಂಗಿನೆಣ್ಣೆಯಲ್ಲಿ ಒರೆಸಿ, ಎರಡೂ ಕೈಗಳಲ್ಲಿ ಹಿಡಿದು ಆಕೆಯ ಮುಂದೆ ನೀಡಿದರು. ಆಕೆ ಗುಂಡನ್ನು ನೋಡಿದರು. ಚಿಕ್ಕಪ್ಪನನ್ನು ನೋಡಿದರು. ಚಳಿಗೆ ಕೊಡಗಿನವರು ಇದನ್ನೇ ಮಾಡುತ್ತಾರೇನೋ ಎಂದುಕೊಂಡು, ಪಾಪ, ಆ ಇಳಿವಯಸ್ಸಿನಲ್ಲೂ ತೆಗೆದುಕೊಳ್ಳಲು ಕೈ ಚಾಚಿಯೂ ಚಾಚಿದರು! ಅಷ್ಟರಲ್ಲಿ ಚಿಕ್ಕಮ್ಮ ಅಡುಗೆಮನೆಯಿಂದ ಬಂದು ಒಂದು ಕಂಬಳಿಯನ್ನು ಅವರ ಹೆಗಲಿಗೆ ಹೊದಿಸಿದರು. “ಚಳಿ ಆಗ್ತಾ ಉಟ್ಟು ಅವರಿಗೆ. ಕಣ್ಣು ಕಾಣುದಿಲ್ಲೆಯಾ ನಿಮಗೆ?”

ಚಿಕ್ಕಪ್ಪ ನಿಘಂಟಿಗೆ ಓಡಿದರು. ಹೌದು, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಮೈಮೇಲೋ ಸೋಫಾದ ಮೇಲೋ ಹಾಕಿಕೊಳ್ಳುವ ಹೊದಿಕೆ. ಎರಡು ದಿನ ಅವರಿಗೆ ಊಟ ಸೇರಲಿಲ್ಲ. “ಎಸೆಯುದಕ್ಕೂ ಹೊದೆಯುದಕ್ಕೂ ಎಂತ ಸಂಬಂಧ ಗೂಡೆ? ಇಷ್ಟು ವರ್ಷದಿಂದ ನನ್ನ ಮನೆಯಲ್ಲೇ ಇದ್ದು ನನಗೇ ಹೇಳಲಿಲ್ಲ ನೋಡು ಆ ಪುಸ್ತಕ!” ಮೋಸ ಹೋದ ಗೆಳೆಯನ ದನಿ ಅದು.

ಇದೆಲ್ಲ ನಗುವ ಮಾತಾಯಿತು. ಎರಡು ವರ್ಷದ ಹಿಂದೆ ಚಿಕ್ಕಮ್ಮ ಊಟ ಬಿಡತೊಡಗಿದರು. ಹೊಟ್ಟೆನೋವು ಎಂದರು, ಗ್ಯಾಸ್ ಎಂದರು, ಇಂಗು ಮಜ್ಜಿಗೆ ಕುಡಿದರು. ಕೊನೆಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಕೀಮೋ. ಪ್ರತಿ ಸಲವೂ ನಾನು ಕೆಲಸ ಮಾಡುವ ಪೋಸ್ಟಾಫೀಸಿಗೆ ರಜೆ ಹಾಕಿ ಅವರಿಬ್ಬರ ಜೊತೆ ಹೋಗುತ್ತಿದ್ದೆ.

ಒಂದು ಸಲ ಹೊಸ ಡಾಕ್ಟರು ಬಂದರು. ತೀರಾ ಚಿಕ್ಕ ವಯಸ್ಸಿನ ಹುಡುಗಿ. ಕಾಗದ ನೋಡುತ್ತಾ ಇಂಗ್ಲಿಷಿನಲ್ಲಿ ಕೇಳಿದಳು, “ಡಿಡ್ ಶಿ ಥ್ರೋ ಅಪ್?”

ಈಗ ಚಿಕ್ಕಪ್ಪ ಶುರುಮಾಡುತ್ತಾರೆ! ಥ್ರೋ ಅಪ್, ಥ್ರೋ ಡೌನ್, ಥ್ರೋ ಇನ್ ಎಂದು ಆ ಹುಡುಗಿಗೆ ಪಾಠ ಹೇಳುತ್ತಾರೆ ಎಂದು ಅವರ ತೋಳು ಹಿಡಿಯಲು ಕೈ ಮುಂದೆ ಮಾಡಿದೆ. ಬೇಕಾಗಲಿಲ್ಲ. ಚಿಕ್ಕಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

“ವಾಂತಿ ಆಗ್ತದೆ ಮೇಡಂ,” ಎಂದರು. “ತುಂಬಾ ಆಗ್ತದೆ. ನೀರೂ ನಿಲ್ಲುದಿಲ್ಲ.”

ಅಲ್ಲಿಂದ ಮುಂದೆ ‘ಥ್ರೋ’ ಎಂಬ ಶಬ್ದ ಅವರ ಬಾಯಲ್ಲಿ ಬರಲಿಲ್ಲ. ಹುಣಸೂರು ದಾಟಿ ತಿತಿಮತಿಯ ಕಾಡಿನ ರಸ್ತೆಯಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಮಲಗಿದ್ದರು. ಚಿಕ್ಕಪ್ಪ ಕಿಟಕಿಯ ಹೊರಗೆ ನೋಡುತ್ತಾ ಬಂದರು. ಹೋಂಸ್ಟೇ ಮುಚ್ಚಿದರು. ಗಂಜಿ ಬೇಯಿಸಲು ಕಲಿತರು. ಚಿಕ್ಕಮ್ಮನಿಗೆ ಸಂಕಟವಾದಾಗ ಬೇಸಿನ್ ಹಿಡಿದು ಇನ್ನೊಂದು ಕೈಯಲ್ಲಿ ಹಣೆ ಒತ್ತಿ ಹಿಡಿಯುತ್ತಿದ್ದರು. ಆ ಕೈ ಎಷ್ಟು ದೊಡ್ಡದೆಂದರೆ ಚಿಕ್ಕಮ್ಮನ ಮುಖ ಅರ್ಧ ಮುಚ್ಚಿಹೋಗುತ್ತಿತ್ತು.

ಒಂದು ಭಾನುವಾರ ನಾನು ನೋಡಲು ಹೋದಾಗ ಚಿಕ್ಕಮ್ಮ ಸನ್ನೆ ಮಾಡಿ ಹತ್ತಿರ ಕರೆದರು. ಚಿಕ್ಕಪ್ಪ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು.

“ನಿಜ ಹೇಳು ಗೂಡೆ. ಡಾಕ್ಟರು ನಿನ್ನ ಚಿಕ್ಕಪ್ಪನ ಹತ್ರ ಎಂತ ಹೇಳಿದೊ?”

“ಎಲ್ಲ ಸರಿಹೋಗ್ತದೆ ಅಂತ ಹೇಳಿದ್ದಾರೆ ಚಿಕ್ಕಮ್ಮ. ನಿಮ್ಮ ಎದುರೇ ಹೇಳಿದ್ದಲ್ವಾ?”

“ಹಾಗಾದ್ರೆ ಇವರು ಯಾಕೆ ಇಂಗ್ಲಿಷ್ ಮಾತಾಡುದಿಲ್ಲೆ? ಒಂದು ಸಲ ಕೂಡ ಇಲ್ಲೆ. ಇಷ್ಟು ವರ್ಷ ತಲೆ ತಿಂದ ಮನುಷ್ಯ, ಈಗ ಮನೆಯೊಳಗೆ ಕಳ್ಳನ ಹಾಗೆ ನಡೀತಾರೆ. ನಂಗೆ ಹೆದರಿಕೆ ಆಗ್ತಾ ಉಟ್ಟು.” ಚಿಕ್ಕಮ್ಮ ನನ್ನ ಕೈಯನ್ನು ಬಿಡಲಿಲ್ಲ. “ನಾನು ಉಳಿಯುದಿಲ್ಲೆ ಅಂತ ಇವರಿಗೆ ಗೊತ್ತುಟ್ಟಾ?”

ನಾನು ನೇರ ಹಿತ್ತಲಿಗೆ ಹೋದೆ. ಚಿಕ್ಕಮ್ಮ ಹೇಳಿದ್ದನ್ನು ಹೇಳಿದೆ. ಚಿಕ್ಕಪ್ಪ ಕೊಡಲಿಯನ್ನು ಕೊರಡಿಗೆ ಒರಗಿಸಿ ಅಲ್ಲೇ ಕುಳಿತುಬಿಟ್ಟರು.

“ಅವಳಿಗೆ ಹಾಗೆ ಅನ್ನಿಸ್ತಾ?” ಎಂದರು. ಅಂಗೈಗೆ ಹತ್ತಿದ ಸಿಬಿರು ಕೀಳುತ್ತಾ, “ಬಾಯಿಗೆ ಬರುದಿಲ್ಲ ಗೂಡೆ. ಆ ಶಬ್ದ ಹೇಳ್ಲಿಕ್ಕೆ ಹೋದ್ರೆ ಆ ಬೇಸಿನ್ನೇ ಕಣ್ಣೆದುರು ಬರ್ತದೆ. ಇಷ್ಟು ದಿನ ಅದನ್ನು ಹಿಡ್ಕೊಂಡು ಆಟ ಆಡಿದ್ದೆ ನಾನು.”

“ಆ ಶಬ್ದ ಬೇಡ ಚಿಕ್ಕಪ್ಪ. ಬೇರೆ ಎಂತಾದ್ರೂ ಮಾತಾಡಿ. ಜಗಳ ಆದ್ರೂ ಮಾಡಿ.”

ಅವರು ಎದ್ದು ಕೈಕಾಲು ತೊಳೆದು ಒಳಗೆ ಹೋದರು. ನಾನು ಬಾಗಿಲ ಬಳಿ ನಿಂತೆ. ಚಿಕ್ಕಪ್ಪ ಮಂಚದ ಪಕ್ಕ ಗ್ರಾಮಸಭೆಯಲ್ಲಿ ನಿಂತ ಹಾಗೆ ನಿಂತು, ಗಂಟಲು ಸರಿಮಾಡಿಕೊಂಡು, ಜಗಳ ಹುಡುಕಿದರು. ಸಿಗಲಿಲ್ಲ. ಕೊನೆಗೆ, “ನೀನು ಮಾಡುವ ಮೀನು ಸಾರಿಗೆ ಹುಳಿ ಯಾವಾಗಲೂ ಜಾಸ್ತಿ. ಮೂವತ್ತು ವರ್ಷದಿಂದ ಹೇಳಬೇಕು ಅಂತ ಇದ್ದೆ,” ಎಂದರು.

ಚಿಕ್ಕಮ್ಮ ಎದ್ದು ಕುಳಿತರು! “ಹುಳಿ ಜಾಸ್ತಿಯಾ? ಸಾರಿನ ಪಾತ್ರೆಯನ್ನು ಅನ್ನ ಹಾಕಿ ಒರೆಸಿ ತಿಂತಾ ಇದ್ದದ್ದು ಯಾರು ಹಾಗಾದ್ರೆ, ನಿಮ್ಮ ಹೆಡ್‌ಮಾಸ್ಟರಾ?” ಬೈಗುಳ ಅರೆಭಾಷೆಯಲ್ಲಿ ಹೊರಟು, ನಡುವೆ ಉಸಿರು ತೆಗೆದುಕೊಂಡು, ತುಳುವಿಗೆ ತಿರುಗಿತು. ಚಿಕ್ಕಪ್ಪ ತಲೆ ತಗ್ಗಿಸಿ ಬೈಸಿಕೊಂಡರು. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಈಗ ಚಿಕ್ಕಮ್ಮ ಗಟ್ಟಿಯಾಗಿದ್ದಾರೆ. ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಕೂದಲು ಗುಂಗುರಾಗಿ ಬೆಳೆದಿದೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇದೆ. ಆದರೆ ಸರಿಹೋಯಿತು ಎಂದು ನನಗೆ ಗೊತ್ತಾದದ್ದು ಯಾವ ರಿಪೋರ್ಟಿನಿಂದಲೂ ಅಲ್ಲ. ಕೀಮೋ ಮುಗಿದು ಕೆಲವು ವಾರಗಳಾಗಿದ್ದವು. ಪೋಸ್ಟಾಫೀಸಿನ ಕೌಂಟರಿನಲ್ಲಿದ್ದೆ, ಎದುರು ಜನ ಸಾಲು ನಿಂತಿದ್ದರು. ಫೋನು ಬಂತು. ಚಿಕ್ಕಪ್ಪ.

“ನಿಂತಿತು,” ಎಂದರು.

“ಎಂತ ನಿಂತಿತು ಚಿಕ್ಕಪ್ಪ?”

“ಗಂಜಿ. ಬೆಳಿಗ್ಗೆ ಕುಡಿದದ್ದು. ಈಗ ಮಧ್ಯಾಹ್ನ ಆಯ್ತಲ್ವಾ? ನಿಂತಿದೆ. ಈಗ ಉಪ್ಪಿನಕಾಯಿ ಕೇಳ್ತಾ ಇದ್ದಾಳೆ.”

ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಗಂಟಲು ಅದು. ಈಗ ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಮಾತ್ರ ಬಂತು. ಅದರ ಹಿಂದೆ ದೂರದಿಂದ, ಮಂಚದ ಕಡೆಯಿಂದ, ಚಿಕ್ಕಮ್ಮನ ದನಿ: “ಅಳುದಾದ್ರೆ ಹೊರಗೆ ಹೋಗಿ ಅಳಿ ಮಾರಾಯ್ರೆ! ಉಪ್ಪಿನಕಾಯಿ ಕೊಟ್ಟು ಹೋಗಿ!”

ನಾನು ಫೋನು ಕೆಳಗಿಟ್ಟೆ. ಸಾಲಿನಲ್ಲಿ ಮುಂದೆ ನಿಂತಿದ್ದ ಅಜ್ಜ ನನ್ನ ಮುಖ ನೋಡಿ ಗಾಬರಿಯಾದರು.

“ಎಂತಾಯ್ತು ಮಗಳೇ? ಮನೆಯಲ್ಲಿ ಏನಾದ್ರೂ...?”

“ಗಂಜಿ ನಿಂತಿತು ಅಜ್ಜ,” ಎಂದೆ.

ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಹಿಂದೆ ತಿರುಗಿ, ಗಡಿಬಿಡಿ ಮಾಡುತ್ತಿದ್ದವರಿಗೆ ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿ, ನಾನು ಕಣ್ಣು ಒರೆಸಿಕೊಳ್ಳುವ ತನಕ ಕೌಂಟರಿಗೆ ಅಡ್ಡವಾಗಿ ನಿಂತರು.